ಭಕ್ತರಿಗೇಕೆ ಬವಣೆ: ಕ್ರೈಸ್ತರು ಕೊಟ್ಟುಕೊಂಡ ಉತ್ತರಗಳು

2004ರ ಡಿಸೆಂಬರ್ 26, ಭಾನುವಾರ. ಕ್ರಿಸ್‌ಮಸ್ ಕಳೆದ ಮಾರನೆಯ ದಿನ. ತಮಿಳುನಾಡಿನ ನಾಗಪಟ್ಟಿಣಂ ಜಿಲ್ಲೆಯ ವೇಲಾಂಕಣಿಯಲ್ಲಿ ಜನವೋ ಜನ. ಅಲ್ಲಿಗೆ ಹೋದವರಿಗೆ ಗೊತ್ತಿರುತ್ತದೆ: ಬೆಸಿಲಿಕಾದಿಂದ ಕಡಲ ದಂಡೆಗೆ ಹೋಗುವ ದಾರಿಯ ಎರಡೂ ಬದಿ ಅಂಗಡಿಗಳು, ಅಂಗಡಿಗಳಲ್ಲಿ ಮೇಣದ ಬತ್ತಿ, ಜಪಸರ, ತೆಂಗಿನ ಸಸಿ, ಜೊತೆಗೆ ಬೆಳ್ಳಿ ಬಣ್ಣದ ತಗಡಿನಲ್ಲಿ ಕತ್ತರಿಸಿದ ಕಣ್ಣು, ಕೈ, ಕಾಲು, ತೊಟ್ಟಿಲು. ಕಣ್ಣು ನೋವಿದ್ದವರು ಕಣ್ಣು ಒಪ್ಪಿಸುತ್ತಾರೆ, ಮಕ್ಕಳಿಲ್ಲದವರು ತೊಟ್ಟಿಲು. ಅಲ್ಲಿರುವವಳು ಆರೋಗ್ಯ ಮಾತೆ. ಬೆಂಗಳೂರು, ಮೈಸೂರು, ಕೋಲಾರಗಳಿಂದ ಬಸ್ಸು, ರೈಲು ಹಿಡಿದು ಹರಕೆ ತೀರಿಸಲು ಹೋಗುವವರ ಸಾಲು ವರ್ಷವಿಡೀ ಇರುತ್ತದೆ.

ಆ ಬೆಳಿಗ್ಗೆ ಸುನಾಮಿ ಬಂತು. ಬೆಸಿಲಿಕಾದೊಳಗೆ ನೀರು ನುಗ್ಗಲಿಲ್ಲ. ದಂಡೆಯಲ್ಲಿದ್ದ ನೂರಾರು ಯಾತ್ರಿಕರು ಕೊಚ್ಚಿಹೋದರು. ಆ ಒಂದು ಜಿಲ್ಲೆಯಲ್ಲೇ ಸತ್ತವರು ಆರು ಸಾವಿರಕ್ಕೂ ಹೆಚ್ಚು. ವಾರ ಕಳೆಯುವುದರೊಳಗೆ ಪವಾಡದ ಮಾತು ಎದ್ದಿತು: ತಾಯಿ ತನ್ನ ಆಲಯವನ್ನು ಕಾಪಾಡಿಕೊಂಡಳು, ಪೂಜೆಯಲ್ಲಿದ್ದವರನ್ನು ಉಳಿಸಿದಳು. ಹೇಳಿದವರ ಭಕ್ತಿಯ ಬಗ್ಗೆ ಅನುಮಾನ ಬೇಡ. ಆದರೆ ಮೊದಲ ಪೂಜೆ ಮುಗಿಸಿ, ಮಗುವಿಗೆ ಅಲೆ ತೋರಿಸಲು ದಂಡೆಗೆ ಇಳಿದ ತಾಯಿಯೂ ಅದೇ ಮಾತೆಯ ಭಕ್ತೆಯೇ. ಅವಳನ್ನು ಯಾರು ಬಿಟ್ಟುಕೊಟ್ಟರು?

ನಮ್ಮ ಪತ್ರಿಕೆಗಳ ಕಿರುಜಾಹೀರಾತಿನ ಅಂಕಣದಲ್ಲಿ ಸಂತ ಜೂದರಿಗೆ, ಬಾಲಯೇಸುವಿಗೆ ಕೃತಜ್ಞತೆ ಸಲ್ಲಿಸುವ ಎರಡು ಸಾಲಿನ ಪ್ರಕಟಣೆಗಳು ಇರುತ್ತವೆ. ಕೋರಿಕೆ ಈಡೇರಿದೆ, ಕೆಳಗೆ ಹೆಸರಿನ ಎರಡು ಅಕ್ಷರ. ಈಡೇರದ ಕೋರಿಕೆಗಳಿಗೆ ಅಂಕಣವಿಲ್ಲ. ವಿವೇಕನಗರದ ಬಾಲಯೇಸು ದೇವಾಲಯದಲ್ಲಿ ಗುರುವಾರದ ನೊವೇನಾಕ್ಕೆ ನಿಲ್ಲುವ ಜನರಲ್ಲಿ ಹೀಗೆ ಏನನ್ನೂ ಪ್ರಕಟಿಸಲಾಗದವರು ಎಷ್ಟು ಮಂದಿಯೋ. ಅವರು ಮುಂದಿನ ಗುರುವಾರವೂ ಬರುತ್ತಾರೆ. ನಂಬಿದವರಿಗೂ ಯಾಕೆ ಹೀಗಾಗುತ್ತದೆ ಎಂಬ ಪ್ರಶ್ನೆಯನ್ನು ನಾಸ್ತಿಕರಿಗಿಂತ ಹೆಚ್ಚು ಸಲ ಕೇಳಿರುವವರು ಇವರೇ. ಎರಡು ಸಾವಿರ ವರ್ಷಗಳಲ್ಲಿ ಇವರಿಗೆ ಸಿಕ್ಕ ಉತ್ತರಗಳು ಹಲವು. ಕೆಲವು ಗಟ್ಟಿ, ಕೆಲವು ಪೊಳ್ಳು, ಒಂದೆರಡು ಅಪಾಯಕಾರಿ.

ಕನ್ನಡದ ಮನೆಗಳಲ್ಲಿ ಕಷ್ಟ ಬಂದಾಗ ಥಟ್ಟನೆ ಬಾಯಿಗೆ ಬರುವ ಮಾತು ಕರ್ಮ, ಹಣೆಬರಹ, ಹಿಂದಿನ ಜನ್ಮದ ಋಣ. ಕ್ರೈಸ್ತರ ಮನೆಗಳಲ್ಲೂ ಅಜ್ಜಿಯರ ಬಾಯಲ್ಲಿ ಇದೇ ಮಾತು ಕೇಳಿದ್ದೇನೆ. ಪಾದ್ರಿಗಳು ತಿದ್ದಿದರೂ ನಾಲಿಗೆ ಕೇಳುವುದಿಲ್ಲ. ಲೆಕ್ಕ ಹಲವು ಜನ್ಮಗಳಿಗೆ ಹರಡಿಕೊಂಡರೆ ಈ ಜನ್ಮದಲ್ಲಿ ಜಮೆ ಖರ್ಚು ತಾಳೆಯಾಗದಿದ್ದರೂ ನಡೆಯುತ್ತದೆ. ಕ್ರೈಸ್ತ ನಂಬಿಕೆಗೆ ಆ ಅನುಕೂಲವಿಲ್ಲ. ಬದುಕು ಒಂದೇ. ದೇವರು ಒಬ್ಬನೇ, ಸರ್ವಶಕ್ತ, ಜೊತೆಗೆ ತಂದೆಯಂತೆ ಪ್ರೀತಿಸುವವನು. ಇಷ್ಟನ್ನೂ ಒಟ್ಟಿಗೆ ಹೇಳಿದ ಮೇಲೆ ರಕ್ತದ ಕ್ಯಾನ್ಸರ್ ಬಂದ ಐದು ವರ್ಷದ ಮಗುವಿನ ಮುಂದೆ ನಿಲ್ಲುವುದು ಸುಲಭವಲ್ಲ. ಪ್ರಶ್ನೆ ಇಲ್ಲಿ ಇಷ್ಟು ಮೊನಚಾಗಿರುವುದಕ್ಕೆ ಆ ಧರ್ಮದ ಸ್ವಂತ ಮಾತುಗಳೇ ಕಾರಣ.

ಈ ಮೊನಚನ್ನು ಮೊದಲು ಕಂಡವರು ಹಳೆಯ ಒಡಂಬಡಿಕೆಯವರು. ಯೋಬನ ಪುಸ್ತಕವನ್ನು ತಾಳ್ಮೆಯ ಪಾಠವೆಂದು ಭಾನುವಾರದ ಶಾಲೆಯಲ್ಲಿ ಹೇಳಿಕೊಡುತ್ತಾರೆ. ಪೂರ್ತಿ ಓದಿದವರಿಗೆ ಸಿಗುವ ಯೋಬನೇ ಬೇರೆ. ಊಚ್ ದೇಶದ ಈ ಶ್ರೀಮಂತನಿಗೆ ಏಳು ಗಂಡು, ಮೂರು ಹೆಣ್ಣು ಮಕ್ಕಳು. 7000 ಕುರಿ, 3000 ಒಂಟೆ, 500 ಜೋಡಿ ಎತ್ತು. ಸ್ವರ್ಗದ ಸಭೆಯಲ್ಲಿ ಸೈತಾನ ಒಂದು ಸವಾಲು ಎಸೆಯುತ್ತಾನೆ: ಲಾಭವಿದೆ, ಅದಕ್ಕೇ ಇವನಿಗೆ ಭಕ್ತಿ, ಕಿತ್ತುಕೊಂಡು ನೋಡು. ರಾಘವಾಂಕನ ಹರಿಶ್ಚಂದ್ರ ಕಾವ್ಯ ಓದಿದವರಿಗೆ ಈ ಏರ್ಪಾಡು ಪರಿಚಿತ. ಅಲ್ಲಿಯೂ ಮೇಲಿನ ಸಭೆಯಲ್ಲಿ ವಸಿಷ್ಠ, ವಿಶ್ವಾಮಿತ್ರರ ಪಂಥ. ಕೆಳಗೆ ಏನೂ ಅರಿಯದ ಒಬ್ಬ ಸಜ್ಜನನ ಬದುಕು ಪಣಕ್ಕೆ.

ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ಹರಿಶ್ಚಂದ್ರ ರಾಜ್ಯ ಬಿಟ್ಟು, ಹೆಂಡತಿ ಮಗನನ್ನು ಮಾರಿ, ಸುಡುಗಾಡು ಕಾಯುತ್ತ ತನ್ನ ಸತ್ಯವನ್ನು ಹಿಡಿದು ನಿಲ್ಲುತ್ತಾನೆ. ಯೋಬ ದೇವರ ಮೇಲೆಯೇ ದಾವೆ ಹೂಡುತ್ತಾನೆ. ಹುಟ್ಟಿದ ದಿನವನ್ನು ಶಪಿಸುತ್ತಾನೆ, ತನ್ನ ತಪ್ಪೇನೆಂದು ತೋರಿಸು ಎನ್ನುತ್ತಾನೆ, ನಮ್ಮಿಬ್ಬರ ನಡುವೆ ನ್ಯಾಯ ಹೇಳುವವರು ಯಾರೂ ಇಲ್ಲವಲ್ಲ ಎಂದು ಕೂಗಾಡುತ್ತಾನೆ. ಸಮಾಧಾನ ಹೇಳಲು ಬಂದ ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಪಕ್ಕದಲ್ಲಿ ನೆಲದ ಮೇಲೆ ಸುಮ್ಮನೆ ಕೂರುತ್ತಾರೆ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಅಧ್ಯಾಯದ ಮೇಲೆ ಅಧ್ಯಾಯ ಒಂದೇ ವಾದ: ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ, ನೀನು ಏನೋ ಮಾಡಿರಬೇಕು. ಇಂದು ಆಸ್ಪತ್ರೆಯ ಭೇಟಿಯ ವೇಳೆಯಲ್ಲಿ ಕೇಳಿಬರುವ ಮಾತುಗಳೆಲ್ಲ ಆ ಮೂವರ ಭಾಷಣಗಳಲ್ಲಿ ಆಗಲೇ ಇವೆ.

ಕೊನೆಗೆ ಬಿರುಗಾಳಿಯೊಳಗಿಂದ ದೇವರು ಮಾತಾಡುತ್ತಾನೆ. ಕಾರಣ ಹೇಳುವುದಿಲ್ಲ. ಸ್ವರ್ಗದ ಸಭೆಯ ಸವಾಲಿನ ಸುದ್ದಿಯನ್ನೇ ಎತ್ತುವುದಿಲ್ಲ. ನಕ್ಷತ್ರ, ಹಿಮ, ಕಾಡುಕತ್ತೆ, ನೀರಾನೆಗಳ ಬಗ್ಗೆ ಪ್ರಶ್ನೆಗಳ ಸುರಿಮಳೆ ಸುರಿಸುತ್ತಾನೆ. ಇದನ್ನು ಉತ್ತರವೆಂದು ಒಪ್ಪಲಾಗದವರು ಬಹಳ ಮಂದಿ. ನನಗೂ ಅದು ದಬಾಯಿಸಿದಂತೆ ಕೇಳಿಸಿದ ದಿನಗಳಿವೆ. ಆದರೆ ಅದರ ನಂತರದ ತೀರ್ಪನ್ನು ಮರೆಯಬಾರದು. ದೇವರ ಪರ ವಕಾಲತ್ತು ವಹಿಸಿದ ಗೆಳೆಯರು ತಪ್ಪಿತಸ್ಥರು. ದೇವರ ವಿರುದ್ಧ ಕೂಗಾಡಿದ ಯೋಬ ಸರಿಯಾಗಿ ಮಾತಾಡಿದವನು. ಗೆಳೆಯರು ಯೋಬನ ಕೈಯಲ್ಲಿ ಪ್ರಾರ್ಥನೆ ಮಾಡಿಸಿಕೊಂಡು ಕ್ಷಮೆ ಪಡೆಯಬೇಕಾಗುತ್ತದೆ.

ಇನ್ನೊಂದು ವಿವರ. ಹರಿಶ್ಚಂದ್ರನ ಕಥೆಯ ಕೊನೆಗೆ ಹಾವು ಕಚ್ಚಿ ಸತ್ತ ಲೋಹಿತಾಶ್ವ ಎದ್ದು ಬರುತ್ತಾನೆ. ಯೋಬನಿಗೆ ಕುರಿ 14,000, ಒಂಟೆ 6,000, ಎಲ್ಲವೂ ಎರಡರಷ್ಟಾಗಿ ಮರಳುತ್ತದೆ. ಮಕ್ಕಳು ಮಾತ್ರ ಮತ್ತೆ ಏಳು ಗಂಡು, ಮೂರು ಹೆಣ್ಣು. ಮೊದಲಿನ ಹತ್ತು ಮಂದಿ ತಿರುಗಿ ಬರುವುದಿಲ್ಲ. ಸುಖಾಂತ್ಯವೆಂದು ಹೇಳಿ ಪುಸ್ತಕ ಮುಚ್ಚುವವರು ಆ ಹತ್ತು ಗೋರಿಗಳನ್ನು ದಾಟಿ ಹೋಗುತ್ತಾರೆ.

ಕೀರ್ತನೆಗಳ ಪುಸ್ತಕವೂ ಹೀಗೆಯೇ. 150 ಕೀರ್ತನೆಗಳಲ್ಲಿ ಹತ್ತಿರ ಹತ್ತಿರ ಮೂರನೆಯ ಒಂದು ಪಾಲು ಗೋಳು, ದೂರು, ಮೊರೆ. ಹೆಚ್ಚಿನವು ಕೊನೆಯಲ್ಲಿ ಸ್ತುತಿಗೆ ತಿರುಗುತ್ತವೆ. 88ನೆಯದು ತಿರುಗುವುದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಯಾರೂ ಕಿತ್ತುಹಾಕಲಿಲ್ಲ. ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಚಪ್ಪಾಳೆ ತಟ್ಟುವ ಹಾಡುಗಳಿಗೆ ಬರವಿಲ್ಲ. ಈ ಕೀರ್ತನೆಯನ್ನು ಒಮ್ಮೆಯೂ ಹಾಡಿದ್ದು ಕಾಣೆ. ಮದರ್ ತೆರೇಸಾ ತೀರಿಕೊಂಡು ಹತ್ತು ವರ್ಷಗಳ ಮೇಲೆ, 2007ರಲ್ಲಿ, ಅವರ ಖಾಸಗಿ ಪತ್ರಗಳು ಪ್ರಕಟವಾದಾಗ ಹಲವರು ಬೆಚ್ಚಿದರು. ಕಲ್ಕತ್ತದ ಕೆಲಸದ ದಶಕಗಳುದ್ದಕ್ಕೂ ದೇವರ ಸುಳಿವೇ ಸಿಗದ ಒಳಗಿನ ಬರಡುತನ ಅವರನ್ನು ಕಾಡಿತ್ತು. 2016ರಲ್ಲಿ ಅವರನ್ನು ಸಂತರೆಂದು ಘೋಷಿಸುವಾಗ ಆ ಪತ್ರಗಳು ಅಡ್ಡ ಬರಲಿಲ್ಲ.

ಹೊಸ ಒಡಂಬಡಿಕೆ ಈ ವಿಚಾರದಲ್ಲಿ ಹೆಚ್ಚು ಮಾತಾಡುವುದಿಲ್ಲ, ಆದರೆ ಗೆಳೆಯರ ವಾದವನ್ನು ಮತ್ತೆ ಮತ್ತೆ ತಳ್ಳಿಹಾಕುತ್ತದೆ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಇವನ ಪಾಪವೋ, ಹೆತ್ತವರದೋ ಎಂದು ಕೇಳುತ್ತಾರೆ. ಇಬ್ಬರದೂ ಅಲ್ಲವೆಂದು ಯೇಸು ಹೇಳುತ್ತಾನೆ. ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿ ಜೆರುಸಲೇಮಿನ ಉಳಿದವರಿಗಿಂತ ಪಾಪಿಗಳಾಗಿರಲಿಲ್ಲ ಎನ್ನುತ್ತಾನೆ. ಪೌಲ ತನ್ನ ದೇಹದ ಮುಳ್ಳನ್ನು ತೆಗೆಯೆಂದು ಮೂರು ಸಲ ಬೇಡುತ್ತಾನೆ, ಮುಳ್ಳು ಉಳಿಯುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಗೆತ್ಸೇಮನೆ ತೋಟದಲ್ಲಿ ಸ್ವತಃ ಯೇಸುವಿನ ಪ್ರಾರ್ಥನೆ, ಈ ಪಾತ್ರೆ ತನ್ನಿಂದ ದಾಟಿಹೋಗಲಿ ಎಂಬ ಕೋರಿಕೆ, ಈಡೇರುವುದಿಲ್ಲ. ನಂಬಿದರೆ ನೋವು ಬರುವುದಿಲ್ಲವೆಂಬ ಕರಾರು ಎಲ್ಲಿಂದ ಬಂತೋ, ಈ ಪುಸ್ತಕದಿಂದಂತೂ ಅಲ್ಲ.

ಈ ಕರಾರು ಮುರಿದುಬಿತ್ತೆಂಬ ದೂರು ಇಡೀ ಸಾಮ್ರಾಜ್ಯದ ಮಟ್ಟದಲ್ಲಿ ಕೇಳಿಬಂದದ್ದು 410ರಲ್ಲಿ. ಆ ಆಗಸ್ಟಿನಲ್ಲಿ ಅಲಾರಿಕನ ಗಾಥರು ರೋಮಿಗೆ ನುಗ್ಗಿ ಮೂರು ದಿನ ಸೂರೆ ಮಾಡಿದರು. ಹಳೆಯ ದೇವತೆಗಳನ್ನು ಕೈಬಿಟ್ಟದ್ದಕ್ಕೆ ಈ ಗತಿ ಎಂದು ಹಳಬರು ಆಡಿಕೊಂಡರು. ಕ್ರಿಸ್ತನನ್ನು ನಂಬಿದ ನಮಗೂ ಯಾಕೆ ಎಂದು ಕ್ರೈಸ್ತರು ಕೇಳಿದರು. ಉತ್ತರ ಆಫ್ರಿಕಾದ ಹಿಪ್ಪೋದಲ್ಲಿ ಬಿಷಪ್ ಆಗಿದ್ದ ಆಗಸ್ಟೀನ್ ಇದಕ್ಕೆ ಉತ್ತರವಾಗಿ 413ರಲ್ಲಿ ಬರೆಯಲು ತೊಡಗಿದ್ದು ‘ದೇವನಗರಿ’. ಮುಗಿಯುವಾಗ 22 ಸಂಪುಟ, 426ನೆಯ ಇಸವಿ. ಕಷ್ಟ ಒಳ್ಳೆಯವರಿಗೂ ಕೆಟ್ಟವರಿಗೂ ಒಂದೇ ಸಮನೆ ಬರುತ್ತದೆ, ಬಂದದ್ದರಿಂದ ಯಾರು ಏನಾಗುತ್ತಾರೆ ಎಂಬುದರಲ್ಲಿ ವ್ಯತ್ಯಾಸ ಎಂಬುದು ಅವನ ವಾದದ ತಿರುಳು. ಮೊದಲ ಸಂಪುಟದಲ್ಲೇ ಅವನು ಸೈನಿಕರ ಅತ್ಯಾಚಾರಕ್ಕೆ ತುತ್ತಾದ ಹೆಂಗಸರ ಕಡೆಗೆ ತಿರುಗುತ್ತಾನೆ: ಒಪ್ಪಿಗೆಯಿಲ್ಲದೆ ದೇಹಕ್ಕಾದದ್ದರಿಂದ ಅವರ ಶೀಲಕ್ಕೆ ಕುಂದಿಲ್ಲ, ಅವರು ಪ್ರಾಣ ಕಳೆದುಕೊಳ್ಳಬೇಕಾಗಿಲ್ಲ. ಮಾನಕ್ಕಾಗಿ ಪ್ರಾಣ ಬಿಟ್ಟ ಲುಕ್ರೀಷಿಯಾಳನ್ನು ಕೊಂಡಾಡುತ್ತಿದ್ದ ರೋಮಿನಲ್ಲಿ ಇದು ಸಣ್ಣ ಮಾತಲ್ಲ. ಕೆಡುಕು ದೇವರ ಸೃಷ್ಟಿಯಲ್ಲ, ಅದು ಒಳಿತಿನ ಕೊರತೆ, ಮನುಷ್ಯ ತನ್ನ ಸ್ವಾತಂತ್ರ್ಯವನ್ನು ಕೆಡಿಸಿಕೊಂಡದ್ದರ ಫಲ ಎಂಬ ಅವನ ಸಿದ್ಧಾಂತವೇ ಮುಂದೆ ಪಶ್ಚಿಮದ ಸಭೆಯ ಅಧಿಕೃತ ಉತ್ತರದಂತೆ ನಿಂತಿತು. ಅವನಿಗಿಂತ ಎರಡು ಶತಮಾನ ಹಿಂದೆ ಲಿಯಾನ್ ನಗರದ ಐರೇನಿಯಸ್ ಬೇರೆ ಜಾಡು ಹಿಡಿದಿದ್ದ: ಮನುಷ್ಯ ಪೂರ್ಣನಾಗಿ ಹುಟ್ಟಿ ಬಿದ್ದವನಲ್ಲ, ಎಳೆಯವನಾಗಿ ಹುಟ್ಟಿ ಮಾಗಬೇಕಾದವನು. 1966ರಲ್ಲಿ ಜಾನ್ ಹಿಕ್ ಅದನ್ನು ಹೊಸದಾಗಿ ಕಟ್ಟಿ, ಲೋಕವೆಂಬುದು ಆತ್ಮ ಪಳಗುವ ಗರಡಿ ಎಂದ. ಗರಡಿಯಲ್ಲಿ ಪಳಗುವ ಮೊದಲೇ ಮುರಿದುಹೋದವರ ಬಗ್ಗೆ ಅವನಿಗೂ ಕಸಿವಿಸಿಯಿತ್ತು. ಅದಕ್ಕಾಗಿ ಅವನು ಸಾವಿನಾಚೆಗೆ ಬೆಳವಣಿಗೆಯನ್ನು ಮುಂದುವರಿಸಬೇಕಾಯಿತು.

ಸ್ವಾತಂತ್ರ್ಯದ ವಾದ ಕೊಲೆಗಡುಕನನ್ನು ವಿವರಿಸುತ್ತದೆ, ಭೂಕಂಪವನ್ನು ವಿವರಿಸುವುದಿಲ್ಲ. 1755ರ ನವೆಂಬರ್ 1ರಂದು ಲಿಸ್ಬನ್ ನಗರದಲ್ಲಿ ಈ ತೊಡಕು ಬಟಾಬಯಲಾಯಿತು. ಅಂದು ಸಕಲ ಸಂತರ ಹಬ್ಬ, ಬೆಳಗಿನ ಹೊತ್ತು, ಚರ್ಚುಗಳು ತುಂಬಿದ್ದವು. ನೆಲ ನಡುಗಿತು, ಮೇಣದ ಬತ್ತಿಗಳಿಂದ ಬೆಂಕಿ ಹತ್ತಿತು, ಬೆಂಕಿಗೆ ಹೆದರಿ ನದಿಯ ದಡಕ್ಕೆ ಓಡಿದವರ ಮೇಲೆ ಸಮುದ್ರ ಬಂತು. ಸಾಧ್ಯವಿರುವ ಲೋಕಗಳಲ್ಲೆಲ್ಲ ಇದೇ ಉತ್ತಮ ಎಂದು 1710ರಲ್ಲಿ ಬರೆದಿದ್ದ ಲೈಬ್‌ನಿಟ್ಸನನ್ನು ವಾಲ್ಟೇರ್ 1759ರ ‘ಕ್ಯಾಂಡೀಡ್’ನಲ್ಲಿ ಗೇಲಿ ಮಾಡಿದ್ದು ಎಲ್ಲರಿಗೂ ಗೊತ್ತು. ಅಷ್ಟು ಗೊತ್ತಿಲ್ಲದ್ದು ಪಾದ್ರಿ ಮಲಗ್ರಿಡಾ ಮತ್ತು ಮಂತ್ರಿ ಪೊಂಬಾಲರ ಜಗಳ. ಇದು ಪಾಪಕ್ಕೆ ಬಂದ ಶಿಕ್ಷೆ, ಮನೆ ಕಟ್ಟುವುದನ್ನು ಬಿಟ್ಟು ಪಶ್ಚಾತ್ತಾಪ ಪಡಿ ಎಂದು ಮಲಗ್ರಿಡಾ ಹೊತ್ತಗೆ ಬರೆದು ಹಂಚಿದ. ಪೊಂಬಾಲ್ ನಾಡಿನ ಎಲ್ಲ ಧರ್ಮಕೇಂದ್ರಗಳ ಪಾದ್ರಿಗಳಿಗೆ ಪ್ರಶ್ನಾವಳಿ ಕಳಿಸಿದ: ಕಂಪನ ಎಷ್ಟು ಹೊತ್ತು ಇತ್ತು, ಸಮುದ್ರ ಮೊದಲು ಏರಿತೋ ಇಳಿಯಿತೋ, ಎಷ್ಟು ಮನೆ ಬಿದ್ದವು. ಭೂಕಂಪ ಶಾಸ್ತ್ರದ ಇತಿಹಾಸ ಬರೆಯುವವರು ಆ ಪ್ರಶ್ನಾವಳಿಯನ್ನು ನೆನೆಯುತ್ತಾರೆ. ಮಲಗ್ರಿಡಾನ ಕಥೆ 1761ರಲ್ಲಿ ಮರಣದಂಡನೆಯಲ್ಲಿ ಮುಗಿಯಿತು, ಪೊಂಬಾಲನೇನೂ ಸಾಧುಸ್ವಭಾವದವನಲ್ಲ.

ಇಪ್ಪತ್ತನೆಯ ಶತಮಾನದ ತತ್ತ್ವಶಾಸ್ತ್ರದ ವಿಭಾಗಗಳಲ್ಲಿ ಈ ಚರ್ಚೆ ತರ್ಕದ ಪಂದ್ಯವಾಯಿತು. ಕೆಡುಕಿನ ಇರವು ಮತ್ತು ಸರ್ವಶಕ್ತ ದೇವರ ಇರವು ಒಂದಕ್ಕೊಂದು ವಿರುದ್ಧವೆಂದು ಜೆ.ಎಲ್. ಮ್ಯಾಕಿ 1955ರಲ್ಲಿ ವಾದಿಸಿದ. ಸ್ವತಂತ್ರ ಜೀವಿಗಳಿರುವ ಲೋಕದಲ್ಲಿ ಹಾಗಾಗಬೇಕಿಲ್ಲವೆಂದು ಆಲ್ವಿನ್ ಪ್ಲಾಂಟಿಂಗಾ 1974ರಲ್ಲಿ ತೋರಿಸಿದ. ತರ್ಕದ ಮಟ್ಟಿಗೆ ಪ್ಲಾಂಟಿಂಗಾ ಗೆದ್ದನೆಂದು ಅನೇಕ ನಾಸ್ತಿಕ ವಿದ್ವಾಂಸರೂ ಒಪ್ಪುತ್ತಾರೆ. ನೈಸರ್ಗಿಕ ವಿಕೋಪಗಳ ಹಿಂದೆ ಕೆಟ್ಟ ಆತ್ಮಗಳ ಕೈವಾಡ ಇರುವುದು ಅಸಾಧ್ಯವೇನಲ್ಲ ಎಂಬ ಅವನ ವಾದ, ತರ್ಕಕ್ಕೆ ಅಷ್ಟು ಸಾಕಾದರೂ, ನಾಗಪಟ್ಟಿಣಂನ ಮೀನುಗಾರರ ಮುಂದೆ ಹೇಳಲು ಧೈರ್ಯ ಬೇಕು.

ತರ್ಕ ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನು ಸಿ.ಎಸ್. ಲೂಯಿಸ್‌ನಷ್ಟು ಚೆನ್ನಾಗಿ ತೋರಿಸಿಕೊಟ್ಟವರು ಇನ್ನೊಬ್ಬರಿಲ್ಲ, ಬೇಕೆಂದು ತೋರಿಸಿದ್ದಲ್ಲದಿದ್ದರೂ. ಅವನ ಒಂಬತ್ತನೆಯ ವಯಸ್ಸಿನಲ್ಲಿ ತಾಯಿ ಕ್ಯಾನ್ಸರಿನಿಂದ ತೀರಿಕೊಂಡಳು. ಅವಳು ಉಳಿಯಲೆಂದು ಹುಡುಗ ಪ್ರಾರ್ಥಿಸಿದ್ದ. ದೊಡ್ಡವನಾಗಿ ನಾಸ್ತಿಕನಾಗಿ, ಮತ್ತೆ ಕ್ರೈಸ್ತನಾಗಿ, 1940ರಲ್ಲಿ ‘ನೋವಿನ ಸಮಸ್ಯೆ’ ಎಂಬ ಪುಸ್ತಕ ಬರೆದ. ಚುರುಕಾದ ಬರಹ: ನೋವು ಕಿವುಡಾದ ಮನುಷ್ಯನನ್ನು ಎಬ್ಬಿಸಲು ದೇವರು ಎತ್ತುವ ದನಿ ಎಂಬ ಧಾಟಿ. ಇಂದಿಗೂ ಪ್ರವಚನಗಳಲ್ಲಿ ಎತ್ತಿ ಹೇಳುತ್ತಾರೆ. ಇಪ್ಪತ್ತು ವರ್ಷ ಕಳೆದು 1960ರ ಜುಲೈನಲ್ಲಿ ಹೆಂಡತಿ ಜಾಯ್ ಡೇವಿಡ್‌ಮನ್ ಕೂಡ ಕ್ಯಾನ್ಸರಿಗೆ ಬಲಿಯಾದಳು. ಮರುವರ್ಷ ಎನ್.ಡಬ್ಲ್ಯೂ. ಕ್ಲರ್ಕ್ ಎಂಬ ಸುಳ್ಳು ಹೆಸರಿನಲ್ಲಿ ತೆಳ್ಳನೆಯ ಪುಸ್ತಕವೊಂದು ಬಂತು. ಬರೆದವನು ಲೂಯಿಸ್. ಅಲ್ಲಿ ವಾದವಿಲ್ಲ, ದಿನಚರಿಯಿದೆ. ಕರೆದಾಗ ಒಳಗಿನಿಂದ ಚಿಲಕ ಹಾಕಿಕೊಂಡ ದೇವರಿದ್ದಾನೆ. ದೇವರಿಲ್ಲವೇನೋ ಎಂಬ ಅಂಜಿಕೆಗಿಂತ, ದೇವರು ನಿಜಕ್ಕೂ ಇಂಥವನೇನೋ ಎಂಬ ಅಂಜಿಕೆ ಅವನನ್ನು ಹೆಚ್ಚು ಕಾಡುತ್ತದೆ. ಮೊದಲ ಪುಸ್ತಕದಲ್ಲಿ ತಪ್ಪು ಹೇಳಿದ್ದೆ ಎಂದು ಅವನು ಎಲ್ಲೂ ಹಿಂತೆಗೆದುಕೊಳ್ಳುವುದಿಲ್ಲ, ನಂಬಿಕೆಯನ್ನೂ ಬಿಡುವುದಿಲ್ಲ. ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದವರು, ದುಃಖದಲ್ಲಿರುವ ಗೆಳೆಯನಿಗೆ ಮೊದಲನೆಯದನ್ನು ಕೊಡಲಾರರು.

ಈಗ ಅಪಾಯಕಾರಿ ಉತ್ತರದ ಸರದಿ. ಬೆಂಗಳೂರಿನ ಹೊರವಲಯದ ಶೆಡ್ಡುಗಳಲ್ಲಿ, ತಾಲ್ಲೂಕು ಕೇಂದ್ರಗಳ ಕಲ್ಯಾಣ ಮಂಟಪಗಳಲ್ಲಿ, ಈಗ ಯೂಟ್ಯೂಬಿನಲ್ಲಿ, ಭಾನುವಾರ ಬೆಳಿಗ್ಗೆ ಮೈಕು ಹಿಡಿದ ಪಾಸ್ಟರ್ ಹೇಳುವುದು ಇಷ್ಟು: ಶಿಲುಬೆಯ ಮೇಲೆ ನಿನ್ನ ರೋಗವೂ ಬಡತನವೂ ತೀರಿಹೋಗಿದೆ, ವಿಶ್ವಾಸವಿಡು, ಬಿತ್ತು, ಕೊಯ್ಯುತ್ತೀ. ಅಮೆರಿಕದಲ್ಲಿ ಬೆಳೆದ ಈ ಸಮೃದ್ಧಿ ಸುವಾರ್ತೆ ನಮ್ಮಲ್ಲಿ ಬಡವರ ನಡುವೆಯೇ ಹೆಚ್ಚು ಹರಡಿತು ಎಂಬುದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿ ಸಿಗುವ ಒತ್ತಾಸೆಯನ್ನು ಹಗುರ ಮಾಡಿ ಮಾತಾಡುವುದು ಉಳ್ಳವರ ಸೊಕ್ಕು. ಕುಡಿತ ಬಿಟ್ಟವರು, ಸಾಲದಿಂದ ಹೊರಬಂದವರು ಅಲ್ಲಿ ನಿಜವಾಗಿ ಇದ್ದಾರೆ. ತೊಂದರೆ ಶುರುವಾಗುವುದು ರೋಗ ಗುಣವಾಗದಿದ್ದಾಗ. ಸ್ತನದ ಕ್ಯಾನ್ಸರ್ ಕೊನೆಯ ಹಂತಕ್ಕೆ ಬಂದ ಹೆಂಗಸೊಬ್ಬಳ ಹಾಸಿಗೆಯ ಸುತ್ತ ನಿಂತ ಪ್ರಾರ್ಥನಾ ತಂಡದ ಮುಖ್ಯಸ್ಥ, ತಲೆಗೆ ಎಣ್ಣೆ ಹಚ್ಚಿ, ‘ಅಕ್ಕಾ, ನಿಮ್ಮೊಳಗೆ ಎಲ್ಲೋ ಅವಿಶ್ವಾಸ ಉಳಿದಿದೆ, ಹುಡುಕಿ ನೋಡಿ’ ಎಂದದ್ದನ್ನು ನಾನು ಪಕ್ಕದಲ್ಲಿ ನಿಂತು ಕೇಳಿದ್ದೇನೆ. ಆಕೆ ಹುಡುಕತೊಡಗಿದಳು. ಮದುವೆಗೆ ಮುಂಚಿನದ್ದು, ಅತ್ತೆಯ ಜೊತೆ ಜಗಳವಾಡಿದ್ದು, ಒಂದು ವರ್ಷ ದಶಮಾಂಶ ಕೊಡದೇ ಇದ್ದದ್ದು. ಮಾರ್ಫಿನ್ ಇಳಿದಾಗಲೆಲ್ಲ ಹುಡುಕುತ್ತಿದ್ದಳು. ರೋಗದ ಮೇಲೆ ತಪ್ಪಿತಸ್ಥಳೆಂಬ ಹೊರೆ. ಎಲೀಫಜ ಇದಕ್ಕಿಂತ ಮೆತ್ತಗೆ ಮಾತಾಡಿದ್ದ.

ಭಕ್ತಿಗೆ ಆರೋಗ್ಯವೇ ಕೂಲಿ ಎನ್ನುವುದಾದರೆ ನಮಗೆ ಸತ್ಯವೇದವನ್ನು ಕನ್ನಡದಲ್ಲಿ ಕೊಟ್ಟವರ ಪೀಳಿಗೆಯನ್ನೇ ಅವಿಶ್ವಾಸಿಗಳೆನ್ನಬೇಕಾಗುತ್ತದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರ ಚರಿತ್ರೆಯ ತುಂಬ ಜ್ವರ, ಭೇದಿ, ಎಳೆಯ ಹೆಂಡಿರ ಸಾವು. ನಿಘಂಟಿನ ಕಿಟೆಲ್ 1864ರಲ್ಲಿ ಹೆಂಡತಿ ಪೌಲಿನಾಳನ್ನು ಕಳೆದುಕೊಂಡರು. ನಿಘಂಟು ಹೊರಬಂದದ್ದು 1894ರಲ್ಲಿ. ಸಮೃದ್ಧಿ ಸುವಾರ್ತೆಯ ಇತಿಹಾಸವನ್ನು 2013ರಲ್ಲಿ ಬರೆದ ಕೆನಡಾದ ವಿದ್ವಾಂಸೆ ಕೇಟ್ ಬೌಲರ್‌ಗೆ ಎರಡು ವರ್ಷಗಳಲ್ಲಿ, 35ರ ವಯಸ್ಸಿನಲ್ಲಿ, ಕರುಳಿನ ಕ್ಯಾನ್ಸರ್ ನಾಲ್ಕನೆಯ ಹಂತದಲ್ಲಿದೆಯೆಂದು ತಿಳಿಯಿತು. ಎಲ್ಲಕ್ಕೂ ಒಂದು ಕಾರಣವಿರುತ್ತದೆ ಎಂಬ ಮಾತನ್ನೇ ವ್ಯಂಗ್ಯವಾಗಿ ಹೆಸರಿಟ್ಟು ಆಕೆ 2018ರಲ್ಲಿ ಬರೆದ ಪುಸ್ತಕದ ಕೊನೆಗೆ, ರೋಗಿಯ ಬಳಿ ಆಡಬಾರದ ಮಾತುಗಳ ಪಟ್ಟಿಯೇ ಇದೆ.

ಕಥೋಲಿಕರ ಹಳೆಯ ಉತ್ತರ ಇದಕ್ಕೆ ತದ್ವಿರುದ್ಧ: ನೋವನ್ನು ಕ್ರಿಸ್ತನ ನೋವಿಗೆ ಸೇರಿಸಿ ಒಪ್ಪಿಸು, ಅದು ವ್ಯರ್ಥವಾಗುವುದಿಲ್ಲ. 1981ರಲ್ಲಿ ಗುಂಡೇಟು ತಿಂದು ಬದುಕಿದ ಎರಡನೆಯ ಜಾನ್ ಪಾಲ್ 1984ರ ಫೆಬ್ರುವರಿ 11ರಂದು ಹೊರಡಿಸಿದ ಪತ್ರದಲ್ಲಿ ಈ ವಿಚಾರವನ್ನು ಆಳವಾಗಿ ಬಿಡಿಸಿದ್ದಾರೆ. ಹಾಸಿಗೆ ಹಿಡಿದ ಎಷ್ಟೋ ಮುದುಕಿಯರಿಗೆ ಇದು ಘನತೆ ಕೊಟ್ಟಿದೆ. ತಾನು ಯಾರಿಗೂ ಬೇಡವಾದ ಹೊರೆಯಲ್ಲ ಎಂಬ ಭಾವ ಸಣ್ಣದೇ? ಆದರೆ ಈ ಮಾತನ್ನು ಯಾರು ಯಾರಿಗೆ ಹೇಳುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ತನ್ನ ನೋವಿನ ಬಗ್ಗೆ ತಾನೇ ಹೇಳಿಕೊಂಡರೆ ಅದು ಅರ್ಪಣೆ. ಕುಡಿದು ಬಂದು ಹೊಡೆಯುವ ಗಂಡನ ದೂರು ಹೇಳಲು ಬಂದ ಹೆಣ್ಣಿಗೆ ‘ಇದು ನಿನ್ನ ಶಿಲುಬೆ ಮಗಳೇ, ಹೊತ್ತುಕೋ’ ಎಂದರೆ ಅದು ಹೊಡೆಯುವವನಿಗೆ ಕೊಟ್ಟ ಪರವಾನಗಿ. ನಮ್ಮ ಧರ್ಮಕೇಂದ್ರಗಳಲ್ಲಿ ಈ ಮಾತನ್ನು ಕೇಳದ ಹೆಂಗಸರು ಅಪರೂಪ. ಇದೇ ಸಭೆಯೊಳಗೆ ಕಂಕನಾಡಿಯ ಫಾದರ್ ಮುಲ್ಲರ್ ಇದ್ದರು ಎಂಬುದನ್ನೂ ನೆನೆಯಬೇಕು. 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧಾಲಯ ತೆರೆದು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದ ಜರ್ಮನ್ ಜೆಸ್ವಿಟ್ ಆತ. ಆ ಕಾಲದ ಊರು ಕುಷ್ಠವನ್ನು ದೇವರ ಶಾಪವೆಂದು ಕರೆದು ಬಾಗಿಲು ಹಾಕಿಕೊಳ್ಳುತ್ತಿತ್ತು. ಮುಲ್ಲರ್ ಶಾಪದ ಕಾರಣ ಹುಡುಕುತ್ತ ಕೂರಲಿಲ್ಲ, ಮದ್ದು ಅರೆಯುತ್ತಿದ್ದರು.

ದೇವರೇ ನೋಯುತ್ತಾನೆ ಎಂಬ ಉತ್ತರಕ್ಕೆ ಕಳೆದ ಶತಮಾನದಲ್ಲಿ ಬಲ ಬಂದದ್ದು ಯುದ್ಧಗಳಿಂದ. 1943ರ ಜುಲೈನಲ್ಲಿ ಹ್ಯಾಂಬರ್ಗ್ ಮೇಲೆ ಬಾಂಬಿನ ಮಳೆ ಸುರಿದಾಗ ಹದಿನೇಳರ ಯೂರ್ಗೆನ್ ಮೋಲ್ಟ್‌ಮನ್ ವಿಮಾನನಿರೋಧಕ ದಳದಲ್ಲಿದ್ದ. ಪಕ್ಕದಲ್ಲಿ ನಿಂತಿದ್ದ ಗೆಳೆಯ ಛಿದ್ರವಾದ, ಇವನು ಉಳಿದ. ಸ್ಕಾಟ್ಲೆಂಡಿನ ಯುದ್ಧಕೈದಿಗಳ ಶಿಬಿರದಲ್ಲಿ ಯಾರೋ ಕೊಟ್ಟ ಬೈಬಲಿನಲ್ಲಿ ಗೋಳಿನ ಕೀರ್ತನೆಗಳನ್ನೂ ಶಿಲುಬೆಯ ಮೇಲಿನ ಕೂಗನ್ನೂ ಓದಿದ. 1972ರಲ್ಲಿ ಬಂದ ಅವನ ‘ಶಿಲುಬೆಗೇರಿದ ದೇವರು’ ಅಲ್ಲಿಂದ ಹುಟ್ಟಿದ್ದು: ನೋವು ಮುಟ್ಟದ ದೇವರು ಮನುಷ್ಯನಿಗಿಂತ ಬಡವ, ಏಕೆಂದರೆ ಅವನಿಗೆ ಪ್ರೀತಿಸಲೂ ಬಾರದು. ಜಪಾನಿನ ಕಿತಾಮೊರಿ 1946ರಲ್ಲೇ ದೇವರ ನೋವಿನ ಬಗ್ಗೆ ಪುಸ್ತಕ ಬರೆದಿದ್ದ. ಈ ಉತ್ತರದ ಬಗ್ಗೆ ನನಗೆ ಒಲವಿದೆ, ಒಂದು ಅಳುಕೂ ಇದೆ. ಜೊತೆಗೆ ನರಳುವವನು ಬಿಡಿಸಬಲ್ಲವನೂ ಆಗಿರಬೇಕಲ್ಲವೇ? ಮೋಲ್ಟ್‌ಮನ್ ಅದಕ್ಕೆ ಪುನರುತ್ಥಾನವನ್ನು ತೋರಿಸುತ್ತಾನೆ. ನಂಬುವವರಿಗೆ ಅದು ಭರವಸೆ, ಉಳಿದವರಿಗೆ ಮುಂದಿನ ದಿನಾಂಕದ ಚೆಕ್ಕು.

ಇಲ್ಲಿಯವರೆಗಿನ ಉತ್ತರಗಳಲ್ಲಿ ಬಹುಪಾಲು ಮಾಡುವ ಒಂದು ಬೆರಕೆಯನ್ನು ಬಿಡಿಸಬೇಕು. ಸುನಾಮಿ, ಕ್ಯಾನ್ಸರುಗಳನ್ನೂ ಒಬ್ಬರು ಇನ್ನೊಬ್ಬರಿಗೆ ಕೊಟ್ಟ ನೋವನ್ನೂ ಒಂದೇ ಚೀಲಕ್ಕೆ ಹಾಕಿ ದೇವರ ಮುಂದೆ ಇಡುತ್ತೇವೆ. ಮಂಗಳೂರಿನ ಕಥೋಲಿಕರ ನೆನಪಿನಲ್ಲಿ 1784ರಿಂದ 1799ರವರೆಗಿನ ಶ್ರೀರಂಗಪಟ್ಟಣದ ಸೆರೆ ಇನ್ನೂ ಹಸಿ. ಸೆರೆಯಾದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರು ಕಿತ್ತಾಡುತ್ತಾರೆ, ಸೆರೆ ಒಯ್ದದ್ದರ ಬಗ್ಗೆ ಅಲ್ಲ. 2008ರ ಸೆಪ್ಟೆಂಬರ್ 14ರ ಭಾನುವಾರ ಮಿಲಾಗ್ರಿಸ್ ಬಳಿಯ ಆರಾಧನಾ ಮಠದ ಮೇಲೆ ದಾಳಿ ನಡೆದಾಗ ಪಂಚಾಂಗದಲ್ಲಿ ಅಂದು ಶಿಲುಬೆಯ ಹಬ್ಬ. 1999ರ ಜನವರಿ 22ರ ರಾತ್ರಿ ಒಡಿಶಾದ ಮನೋಹರಪುರದಲ್ಲಿ, ಕುಷ್ಠರೋಗಿಗಳ ಸೇವೆಯಲ್ಲಿದ್ದ ಗ್ರಹಾಂ ಸ್ಟೇನ್ಸ್‌ರನ್ನೂ ಹತ್ತು ಮತ್ತು ಆರು ವರ್ಷದ ಇಬ್ಬರು ಗಂಡುಮಕ್ಕಳನ್ನೂ ವಾಹನದಲ್ಲಿ ಮಲಗಿದ್ದಲ್ಲೇ ಸುಟ್ಟರು. ಗ್ಲಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿದೆನೆಂದರು. ಕಾನೂನು ತನ್ನ ಕೆಲಸ ಮಾಡುವುದಕ್ಕೆ ಆ ಕ್ಷಮೆ ಅಡ್ಡಿಯಾಗಲಿಲ್ಲ. ಆಕೆ ಬಾರಿಪದದ ಕುಷ್ಠಾಶ್ರಮದ ಕೆಲಸವನ್ನು ಇನ್ನೂ ಕೆಲವು ವರ್ಷ ನಡೆಸಿದರು, 2005ರಲ್ಲಿ ಪದ್ಮಶ್ರೀ ಬಂತು. ಇಂಥ ಕಡೆ ದೇವರು ಯಾಕೆ ಬಿಟ್ಟನೆಂದು ಕೇಳುವ ಮೊದಲು ಯಾರು ಮಾಡಿದರು, ಯಾರು ನೋಡಿಕೊಂಡು ಸುಮ್ಮನಿದ್ದರು ಎಂದು ಕೇಳಬೇಕಾಗುತ್ತದೆ.

ಈ ತಿರುವನ್ನು ಸ್ಪಷ್ಟವಾಗಿ ಕೊಟ್ಟವರು ಲ್ಯಾಟಿನ್ ಅಮೆರಿಕದವರು ಮತ್ತು ನಮ್ಮ ದಲಿತರು. ಪೆರುವಿನ ಗುಸ್ತಾವೊ ಗುಟಿಯೆರೆಜ್ ಬಡವರ ಕಣ್ಣಿನಿಂದ ಯೋಬನನ್ನು ಮತ್ತೆ ಓದಿದ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರ ಎಂಬ ಧಾರೆ ಹೊರಟಿತು. ನೋವು ಅಲ್ಲಿ ಒಗಟಲ್ಲ, ಅದಕ್ಕೆ ವಿಳಾಸವಿದೆ. ಜಾತಿಯಿಂದ ಬಿಡುಗಡೆ ಸಿಗುತ್ತದೆಂದು ಜ್ಞಾನಸ್ನಾನ ಪಡೆದವರಿಗೆ 1950ರ ರಾಷ್ಟ್ರಪತಿಗಳ ಆದೇಶದ ದೆಸೆಯಿಂದ ಮೀಸಲಾತಿ ತಪ್ಪಿತು, ಚರ್ಚಿನೊಳಗೆ ಬೇರೆ ಬೆಂಚು ಸಿಕ್ಕಿತು. ತಿರುಚಿರಾಪಳ್ಳಿಯ ಮೇಲಪುದೂರಿನ ಕ್ರೈಸ್ತ ಸ್ಮಶಾನದ ನಡುವೆ ಎದ್ದ ಗೋಡೆಯ ಒಂದು ಕಡೆ ದಲಿತರ ಗೋರಿಗಳು, ಇನ್ನೊಂದು ಕಡೆ ಉಳಿದವರವು. ಎರಡೂ ಕಡೆ ಮಲಗಿದವರು ಒಂದೇ ಧರ್ಮೋಪದೇಶ ಕಲಿತವರು, ಒಂದೇ ಪುನರುತ್ಥಾನಕ್ಕೆ ಕಾದವರು. ಈ ನೋವಿನ ಪ್ರಶ್ನೆಯನ್ನು ದೇವರ ಸನ್ನಿಧಿಗೆ ಒಯ್ಯುವ ಮೊದಲು ಬಿಷಪರ ಕಚೇರಿಗೆ ಒಯ್ಯಬೇಕು ಎಂಬುದು ದಲಿತ ಕ್ರೈಸ್ತರ ವಾದ. ಅವರು ಒಯ್ದಿದ್ದಾರೆ, ಬೀದಿಗೂ ಇಳಿದಿದ್ದಾರೆ.